ಅಂಗಳಕ್ಕೊಂದು ಜೇಬು

ಉದ್ದ ಬಿಟ್ಟ ಬಟ್ಟೆಯನ್ನು ಯಾವತ್ತು ಬೇಕಾದರೂ ಗಿಡ್ಡ ಮಾಡಬಹುದು, ಗಿಡ್ಡ ಕತ್ತರಿಸಿದ್ದನ್ನು ಉದ್ದ ಮಾಡಲು ಬ್ರಹ್ಮನ ಅಪ್ಪನಿಂದಲೂ ಆಗದು ಎಂಬುದು ಎರಡಿಂಚಪ್ಪನವರ ಸಿದ್ಧಾಂತ. ಅಳತೆ ಕೊಡಲು ಬಂದ ಯಾವ ಮೈಯನ್ನೂ ಅವರು ನಂಬುತ್ತಿರಲಿಲ್ಲ. ಇವತ್ತು ಹೀಗಿರುವ ಹೊಟ್ಟೆ ನಾಳೆಯೂ ಹೀಗೇ ಇರುತ್ತದೆಂದು ಬರೆದು ಕೊಡುವವರು ಯಾರು? ಆದ್ದರಿಂದ ಷರ್ಟಾಗಲಿ ಕೋಟಾಗಲಿ, ಒಳಮಡಿಕೆಯಲ್ಲಿ ಎರಡಿಂಚು ಬಟ್ಟೆ ಬಿಟ್ಟೇ ಹೊಲಿಯುತ್ತಿದ್ದರು. ದಿಂಬಿನ ಚೀಲಕ್ಕೂ ಬಿಟ್ಟರು. ದಿಂಬು ಬೆಳೆಯುವುದಿಲ್ಲವಲ್ಲ ಎಂದು ಯಾರೋ ಕೇಳಿದ್ದಕ್ಕೆ, "ಹತ್ತಿ ಯಾರ ಮಾತು ಕೇಳುತ್ತೆ ಹೇಳಿ" ಎಂದಿದ್ದರು. ಅವರ ನಿಜವಾದ ಹೆಸರು ಅಂಗಡಿಯ ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿಯೇ ಇತ್ತು. ಆದರೆ ಆ ಬೀದಿಗೆ ಬೋರ್ಡು ಓದುವ ಅಭ್ಯಾಸವಿರಲಿಲ್ಲ.

ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿಯ ಬೆಳಕಿಗೆ ಹೊಲಿಗೆ ಮಷೀನು, ಗೋಡೆಯುದ್ದಕ್ಕೂ ಕತ್ತರಿಸುವ ಮೇಜು, ಮೊಳೆಗಳಲ್ಲಿ ತೋಳಿಲ್ಲದ ಕೋಟುಗಳು, ಕೋಟಿಲ್ಲದ ತೋಳುಗಳು. ಹೊಸ್ತಿಲು ದಾಟಿದರೆ ಒಂದು ಮೆಟ್ಟಿಲು, ಅದರಾಚೆ ಮಣ್ಣಿನ ಅಂಗಳ. ಮನೆ ಕಟ್ಟಿಸಿದ ಪುಣ್ಯಾತ್ಮ ಯಾರೋ, ಅಂಗಳವನ್ನು ಬೀದಿಯ ಕಡೆಗೆ ಎತ್ತರವಾಗಿಯೂ ಮನೆಯ ಕಡೆಗೆ ತಗ್ಗಾಗಿಯೂ ಮಾಡಿಸಿದ್ದ. ಜೋರು ಮಳೆ ಬಂತೆಂದರೆ ಸೂರಿನ ನೀರು, ಗೇಟಿನ ನೀರು, ಪಕ್ಕದ ಮನೆ ಹೆಡ್‌ಮೇಷ್ಟ್ರ ಗೋಡೆಯಿಂದ ಇಳಿದ ನೀರು ಎಲ್ಲವೂ ಅಂಗಳದಲ್ಲಿ ಸಭೆ ಸೇರಿ, ಒಮ್ಮತದಿಂದ ಹೊಸ್ತಿಲು ದಾಟಿ, ಅಳತೆ ಕೊಡಲು ಬಂದ ಗಿರಾಕಿಯ ಹಾಗೆ ಮಷೀನಿನ ಮುಂದೆ ನಿಲ್ಲುತ್ತಿತ್ತು.

ಈ ಸಲ ಹಾಗೆ ಬಂದ ನೀರು ವಕೀಲರೊಬ್ಬರ ಕರಿಯ ಕೋಟಿನ ಬಟ್ಟೆಯನ್ನು ನೆನೆಸಿ ಹಾಕಿತು. ಅದೂ ಭಾವಮೈದುನ ಬಂದು ಕೂತಿದ್ದಾಗ.

ಎರಡಿಂಚಪ್ಪನವರ ಹೆಂಡತಿಯ ತಮ್ಮನಾದ ಈ ಭಾವಮೈದುನ ಕಟ್ಟಡ ಕಟ್ಟಿಸುವ ಕಂಟ್ರಾಕ್ಟರು. ಜಗತ್ತಿನ ಯಾವ ಕಷ್ಟಕ್ಕೂ ಅವನ ಬಳಿ ಒಂದೇ ಮದ್ದು: ಇರುವ ಜಾಗ ಬಿಟ್ಟು ಅವನು ಕಟ್ಟಿಸಿದ ಜಾಗಕ್ಕೆ ಹೋಗುವುದು. ಅವನು ಶೂಗಳನ್ನು ಕೈಯಲ್ಲಿ ಹಿಡಿದು, ಕಾಲುಗಳನ್ನು ಕುರ್ಚಿಯ ಮೇಲೆ ಮಡಿಚಿಕೊಂಡು ಹೇಳಿದ:

"ಭಾವ, ನನ್ನ ಮಾತು ಕೇಳಿ. ನಮ್ಮ ಬಿಲ್ಡಿಂಗಿನ ನೆಲಮಾಳಿಗೇಲಿ ಒಂದು ಕೋಣೆ ಸುಮ್ನೆ ಬಿದ್ದಿದೆ. ಮಷೀನ್ ಎತ್ಕೊಂಡು ಬಂದ್ಬಿಡಿ. ನನ್ನ ವಾಚ್‌ಮನ್‌ಗಳಿಗೆಲ್ಲ ಯೂನಿಫಾರಂ ಹೊಲೀತಾ ಇರಿ. ವರ್ಷಪೂರ್ತಿ ಕೆಲಸ. ಎಲ್ಲಾ ಒಂದೇ ನೀಲಿ, ಒಂದೇ ಅಳತೆ. ತಲೆಗೆ ಕೆಲಸಾನೇ ಇಲ್ಲ."

ಎರಡಿಂಚಪ್ಪನವರು ನೆನೆದ ಕರಿಯ ಬಟ್ಟೆ ಹಿಂಡುವುದನ್ನು ನಿಲ್ಲಿಸಿದರು. ಮನುಷ್ಯ ಬಾಗಿಲಲ್ಲಿ ನಿಂತ ಭಂಗಿ ನೋಡಿಯೇ ಎಡಭುಜ ತುಸು ತಗ್ಗು ಎಂದು ಹೇಳಬಲ್ಲ ತಾವು, ಕಿಟಕಿಯಿಲ್ಲದ ಕೋಣೆಯಲ್ಲಿ ಭಾವಮೈದುನನ ಕೈಕೆಳಗೆ ಕೂತು, ಕಣ್ಣು ಮುಚ್ಚುವ ತನಕ ನೀಲಿ ಹೊಲಿಯುವುದೇ? ಅವರು ಹೆಂಡತಿಯ ಕಡೆ ನೋಡಿದರು. ಆಕೆ ಬಕೆಟ್ಟಿಗೆ ನೀರು ಬಳಿಯುತ್ತಿದ್ದರು.

"ಅವನು ಹೇಳೋದ್ರಲ್ಲಿ ತಪ್ಪೇನಿದೆ ರೀ? ಬಳಿದೂ ಬಳಿದೂ ನನ್ನ ಸೊಂಟ ಬಿದ್ದುಹೋಯ್ತು. ಈಗಲೇ ಹೇಳ್ತೀನಿ ಕೇಳಿ. ಇನ್ನೊಂದೇ ಒಂದು ಸಲ ನೀರು ಈ ಹೊಸ್ತಿಲು ದಾಟಲಿ, ಅವತ್ತೇ ಈ ಅಂಗಡಿ ಇಲ್ಲಿಂದ ಎದ್ದ ಹಾಗೆ."

"ದಾಟಲ್ಲ. ದಾಟದ ಹಾಗೆ ನಾನೇ ಮಾಡ್ತೀನಿ," ಎಂದುಬಿಟ್ಟರು ಎರಡಿಂಚಪ್ಪನವರು. "ಅಂಗಳದ ಮಧ್ಯೆ ತೊಟ್ಟಿ ಹೂಳ್ತೀನಿ. ಮೇಲೆ ಜಾಲರಿ, ಪಕ್ಕಕ್ಕೆ ಪೈಪು. ನೀರು ತೊಟ್ಟಿಗೆ ಬಿತ್ತು, ಪೈಪಲ್ಲಿ ಬೀದಿ ಚರಂಡಿಗೆ ಹೋಯ್ತು. ಇದೇನು ಬ್ರಹ್ಮವಿದ್ಯೆನಾ?"

"ಅದಕ್ಕೆ ಅಂತಾನೇ ಜನ ಇದಾರೆ ಭಾವ. ಅಳತೆ ಗೊತ್ತಿರಬೇಕು."

"ಅಳತೆ ವಿಷಯ ನನಗೆ ಹೇಳ್ತೀಯಾ? ನಿನ್ನ ಹೊಟ್ಟೆ ಎಲ್ಲಿಂದ ಎಲ್ಲಿಗೆ ಬಂದಿದೆ ಅಂತ ನಿನಗಿಂತ ಚೆನ್ನಾಗಿ ನನಗೆ ಗೊತ್ತು."

ಅನಾಹುತಗಳೆಲ್ಲ ಆರಂಭವಾಗುವುದು ಹೀಗೆಯೇ. ಬಾಯಿ ಮುಂದೆ ಹೋಗಿ ಕೂತುಬಿಡುತ್ತದೆ, ಕೈಕಾಲು ಹಿಂದಿನಿಂದ ಏದುಸಿರು ಬಿಡುತ್ತಾ ಬರಬೇಕಾಗುತ್ತದೆ.

ಮರುದಿನ ಬೆಳಿಗ್ಗೆ ಎರಡಿಂಚಪ್ಪನವರು ಕುತ್ತಿಗೆಗೆ ಟೇಪು ಹಾಕಿಕೊಂಡು, ಕಿವಿಯ ಸಂದಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು, ಕೈಯಲ್ಲಿ ಗುರುತು ಹಾಕುವ ಸೀಮೆಸುಣ್ಣ ಹಿಡಿದು ಅಂಗಳಕ್ಕಿಳಿದರು. ಅಂಗಳ ಅಲ್ಲಾಡದೆ ಬಿದ್ದಿತ್ತು. ಅಳತೆ ತೆಗೆಯುವಾಗ ಉಸಿರು ಬಿಗಿಹಿಡಿಯದ, ಹೊಟ್ಟೆ ಒಳಗೆಳೆದುಕೊಳ್ಳದ ಗಿರಾಕಿಯನ್ನು ಅವರು ಜೀವಮಾನದಲ್ಲಿ ಕಂಡದ್ದು ಅದೇ ಮೊದಲು. ಅದರಿಂದ ಅವರಿಗೆ ಉತ್ಸಾಹ ಬಂತು. ಕೋಟಿನ ನಮೂನೆ ಬರೆಯುವ ಕಂದು ಕಾಗದವನ್ನು ಮೆಟ್ಟಿಲ ಮೇಲೆ ಹಾಸಿ ನಕ್ಷೆ ಬರೆದರು. ಜಾಲರಿ ಕೂರುವ ಬಾಯಿಗೆ 'ಕುತ್ತಿಗೆ' ಎಂದು ಬರೆದರು. ತೊಟ್ಟಿಯ ಸುತ್ತಳತೆ 'ಸೊಂಟ' ಆಯಿತು. ಚರಂಡಿಗೆ ಹೋಗುವ ಪೈಪು 'ತೋಳು'. ಈ ತೋಳನ್ನು ತಳದಲ್ಲಿ ಜೋಡಿಸದೆ, ಒಂದು ಗೇಣು ಮೇಲಕ್ಕೆ ಜೋಡಿಸಿ, ಕೆಳಗೆ ಉಳಿದ ಜಾಗಕ್ಕೆ 'ಜೇಬು' ಎಂದು ಹೆಸರಿಟ್ಟರು. ನೀರಿನ ಜೊತೆ ಬರುವ ಮಣ್ಣು, ಎಲೆ, ದಾರ, ಚಿಂದಿ ಜೇಬಿನಲ್ಲಿ ಉಳಿಯಬೇಕು, ನೀರು ಮಾತ್ರ ತೋಳಿನಿಂದ ಹೊರಗೆ ಹೋಗಬೇಕು. ಆಗಾಗ ಕೈ ಹಾಕಿ ಜೇಬು ಖಾಲಿ ಮಾಡಿದರಾಯಿತು.

ಪಕ್ಕದ ಮನೆಯ ಹೆಡ್‌ಮೇಷ್ಟ್ರು ಕೆಲಸದಿಂದ ನಿವೃತ್ತರಾಗಿದ್ದರೂ ತಪ್ಪು ಹುಡುಕುವುದರಿಂದ ಆಗಿರಲಿಲ್ಲ. ಗೋಡೆಯ ಮೇಲಿಂದ ಅವರ ಕನ್ನಡಕ ಮೇಲೆದ್ದಿತು.

"ಏನಪ್ಪಾ, ಪೈಪು ಅಷ್ಟು ಮೇಲಿಟ್ಟಿದೀಯಲ್ಲ. ತಳದಲ್ಲಿ ತಾನೇ ಇರಬೇಕು? ನೀರು ಕೆಳಮುಖ ಹರಿಯುತ್ತೆ ಅಂತ ಮೂರನೇ ಕ್ಲಾಸಿಗೇ ಹೇಳಿಕೊಡ್ತಿದ್ದೆ ನಾನು."

"ಕೆಳಗೆ ಜೇಬಿದೆ ಮೇಷ್ಟ್ರೇ."

"ಯಾರ ಜೇಬು?"

"ಅಂಗಳದ್ದು."

ಕನ್ನಡಕ ಮೆಲ್ಲಗೆ ಗೋಡೆಯ ಹಿಂದೆ ಇಳಿಯಿತು. ಊಟದ ಹೊತ್ತಿಗೆ ಟೈಲರು ಭೂಮಿಗೆ ಜೇಬು ಹೊಲಿಯುತ್ತಿದ್ದಾರೆಂಬ ಸುದ್ದಿ ಬೀದಿಯ ಕೊನೆ ಮುಟ್ಟಿತ್ತು. ಎದುರು ಮನೆಯ ಮಹಡಿಯ ಕಿಟಕಿಯಲ್ಲಿ ಸದಾ ಕೂತಿರುವ ಅಜ್ಜಿ ಅಲ್ಲಿಂದಲೇ ಎರಡಿಂಚಪ್ಪನವರ ಹೆಂಡತಿಯನ್ನು ಕರೆದು, "ಏನಮ್ಮಾ, ಸ್ವಲ್ಪ ದಿನ ಅವರ ಕೈಗೆ ಕತ್ತರಿ ಕೊಡ್ಬೇಡ" ಎಂದರು. ಯಾರ ಕಿವಿಗೂ ಬೀಳಬಾರದೆಂದು ಆಕೆ ಹೇಳಿದ ಮಾತು ಯಾವಾಗಲೂ ಮೂರು ಮನೆಗೆ ಕೇಳಿಸುತ್ತಿತ್ತು.

ಎರಡಿಂಚಪ್ಪನವರು ಅಗೆದರು. ಸೂಜಿ ಹಿಡಿದ ಕೈಗೆ ಗುದ್ದಲಿ ಹಿಡಿಸಿದರೆ ಏನಾಗುತ್ತದೋ ಅದೆಲ್ಲ ಆಯಿತು. ಬೆರಳಲ್ಲಿ ಬೊಬ್ಬೆ ಬಂತು, ಕುತ್ತಿಗೆ ಹಿಡಿದುಕೊಂಡಿತು. ಆದರೂ ಗುಂಡಿಯ ನಾಲ್ಕು ಮೂಲೆ ಕಾಲರಿನ ಮೂಲೆಯ ಹಾಗೆ ಚೂಪಾಗಿದ್ದವು. ಗೇಟಿನ ಕೆಳಗೆ ಕಾಲುವೆ ತೋಡಿ, ಆಳದಲ್ಲಿದ್ದ ಬೀದಿ ಚರಂಡಿಯ ಕಡೆಗೆ ಇಳಿಜಾರು ಕೊಟ್ಟು ಪೈಪು ಮಲಗಿಸಿದರು. ಇಲ್ಲಿಯ ತನಕ ಅವರು ಮಾಡಿದ್ದೆಲ್ಲ ಸರಿಯಾಗಿಯೇ ಇತ್ತು. ಅದಕ್ಕೇ ಬೀದಿಯೆಲ್ಲ ನಕ್ಕಿತು.

ಕೊನೆಗೆ ಸಿಮೆಂಟಿನ ತೊಟ್ಟಿಯನ್ನು ಗುಂಡಿಗಿಳಿಸಿ ಎತ್ತರ ನೋಡಬೇಕಾಯಿತು. ತೊಟ್ಟಿಯ ಬಾಯಿ ಎಷ್ಟು ಎತ್ತರದಲ್ಲಿರಬೇಕು? ನೆಲದ ಸಮಕ್ಕೆ. ಹಾಗೆಂದು ನಕ್ಷೆಯಲ್ಲಿಯೂ ಬರೆದಿತ್ತು. ಆದರೆ ಕೈಗೆ ನಕ್ಷೆಗಿಂತ ಹಳೆಯ ಅಭ್ಯಾಸವಿತ್ತು. ಒಂದು ಸಲ ಸಿಮೆಂಟು ಹಿಡಿದ ಮೇಲೆ ಹೆಚ್ಚುಕಡಿಮೆ ಆದರೆ? ನಾಳೆ ತೊಟ್ಟಿ ಕುಸಿದರೆ? ಇರಲಿ, ಕೈಯಲ್ಲೊಂದಿಷ್ಟು ಇರಲಿ ಎಂದು ಕೈ ತಾನೇ ತೊಟ್ಟಿಯನ್ನು ಎರಡಿಂಚು ಮೇಲಕ್ಕೆ ಬಿಟ್ಟಿತು. ಸುತ್ತ ಸಿಮೆಂಟು ಬಡಿದು, ಜಾಲರಿ ಕೂರಿಸಿ, ಎರಡಿಂಚಪ್ಪನವರು ಎದ್ದು ನಿಂತರು.

ಬೀದಿ ಬೆರಗಾಯಿತು.

"ಈಗ ನೋಡು, ಇದು ಕೆಲಸ," ಎಂದರು ಹೆಡ್‌ಮೇಷ್ಟ್ರು. "ಎದ್ದು ಕಾಣುತ್ತೆ."

"ಸಿಂಹಾಸನ ಇಟ್ಟ ಹಾಗಿದೆ," ಎಂದರು ಕಿಟಕಿಯ ಅಜ್ಜಿ.

ಸಂಜೆ ಭಾವಮೈದುನನೂ ಬಂದ. ತೊಟ್ಟಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಶೂವಿನ ತುದಿಯಿಂದ ಅದರ ಅಂಚನ್ನು ಒಮ್ಮೆ ತಟ್ಟಿದ. ಎರಡಿಂಚಪ್ಪನವರು ಜಗಳಕ್ಕೆ ಸಿದ್ಧರಾಗಿ ನಿಂತಿದ್ದರು.

"ತುಂಬಾ ಚೆನ್ನಾಗಿದೆ ಭಾವ," ಎಂದ ಅವನು. "ಒಂಚೂರೂ ಬದಲಾಯಿಸ್ಬೇಡಿ. ಭಾನುವಾರ ನಾನು ವ್ಯಾನ್ ತರ್ತೀನಿ."

ಶತ್ರು ಹೊಗಳಿದಾಗ ಭಯಪಡಬೇಕೆಂದು ತಿಳಿದವರು ಹೇಳುತ್ತಾರೆ. ಎರಡಿಂಚಪ್ಪನವರಿಗೆ ರಾತ್ರಿ ಊಟ ಸೇರಲಿಲ್ಲ.

ಮರುದಿನ ಹೆಂಡತಿ ಅಂಗಡಿ ಬೀದಿಗೆ ಹೋದ ಹೊತ್ತು ನೋಡಿ, ಅವರು ಗೇಟಿನ ಬಳಿ ನಿಂತು ಒಂದು ಬಕೆಟ್ ನೀರನ್ನು ಮೆಲ್ಲಗೆ ಸುರಿದರು. ನೀರು ಇಳಿಜಾರಿನಲ್ಲಿ ಲಗುಬಗೆಯಿಂದ ಬಂತು. ತೊಟ್ಟಿಯ ಅಂಚಿಗೆ ತಾಗಿ ನಿಂತಿತು. ಮೇಲೆ ಹತ್ತುವ ಉಸಾಬರಿ ಯಾರಿಗೆ ಬೇಕು ಎಂಬಂತೆ ಎರಡು ಕವಲಾಗಿ, ದಾರಿಯಲ್ಲಿ ಮಲಗಿದ ಎಮ್ಮೆಯನ್ನು ಬಳಸಿಕೊಂಡು ಹೋಗುವ ಜನರ ಹಾಗೆ ಆಚೆಯೊಂದು ಈಚೆಯೊಂದು ಪಕ್ಕ ಸರಿದು, ಮುಂದೆ ಮತ್ತೆ ಕೂಡಿಕೊಂಡು, ನೇರ ಮೆಟ್ಟಿಲ ಬುಡಕ್ಕೆ ಹೋಯಿತು. ಜಾಲರಿಯೊಳಗೆ ಒಂದು ಹನಿ ಬೀಳಲಿಲ್ಲ.

ತೊಟ್ಟಿ ಎತ್ತುವಂತಿಲ್ಲ, ಸಿಮೆಂಟು ಕಚ್ಚಿಕೊಂಡಿದೆ. ಅಂಚು ಒಡೆದರೆ ಜಾಲರಿ ಕೂರುವುದಿಲ್ಲ. ಎರಡಿಂಚಪ್ಪನವರು ತೊಟ್ಟಿಯ ಮುಂದೆ, ಕುತ್ತಿಗೆ ಹಿಡಿದುಕೊಂಡಿದ್ದರಿಂದ ಅತ್ತಿತ್ತ ತಿರುಗಲಾರದೆ, ನೆಟ್ಟನೋಟದಿಂದ ನೆಲ ನೋಡುತ್ತಾ ನಿಂತುಬಿಟ್ಟರು. ಅವರ ಕಣ್ಣ ಮುಂದೆ ನೀಲಿ ಬಟ್ಟೆಯ ಥಾನುಗಳು ಒಂದರ ಮೇಲೊಂದು ಬಿಚ್ಚಿಕೊಳ್ಳುತ್ತಿದ್ದವು.

ಸರಿಯಾಗಿ ಆಗಲೇ ಗೇಟಿನಲ್ಲಿ ಪುರಸಭೆಯ ಚರಂಡಿ ಇನ್‌ಸ್ಪೆಕ್ಟರು ಕಾಣಿಸಿಕೊಂಡರು.

ಅವರು ಬಂದದ್ದು ಹೆಡ್‌ಮೇಷ್ಟ್ರ ದೂರಿನ ಮೇಲೆ, ಯಾರೋ ಅನುಮತಿಯಿಲ್ಲದೆ ನೆಲ ಅಗೆಯುತ್ತಿದ್ದಾರೆಂದು. ಆದರೆ ಅವರ ತಲೆಯಲ್ಲಿ ಇನ್ನೊಂದು ಹುಳವೂ ಓಡಾಡುತ್ತಿತ್ತು. ಮಳೆನೀರಿನ ವ್ಯವಸ್ಥೆ ಪರೀಕ್ಷಿಸಲು ಮೇಲಿನ ಆಫೀಸಿನಿಂದ ಒಬ್ಬ ತಜ್ಞರು ಹೇಳದೆ ಕೇಳದೆ ಬರುತ್ತಾರೆಂದು ಬೆಳಿಗ್ಗೆ ತಾನೇ ಫೋನು ಬಂದಿತ್ತು. ಈಗ ನೋಡಿದರೆ, ಕುತ್ತಿಗೆಯಲ್ಲಿ ಟೇಪು, ಕಿವಿಯಲ್ಲಿ ಪೆನ್ಸಿಲ್, ಕಾಲಬುಡದಲ್ಲಿ ಹಾಸಿದ ನಕ್ಷೆ, ನೆಲವನ್ನೇ ಸುಟ್ಟುಬಿಡುವಂಥ ನೋಟ. ಗೇಟು ಕಿರುಗುಟ್ಟಿದರೂ ಆ ಮನುಷ್ಯ ತಿರುಗಿ ನೋಡಲಿಲ್ಲ. ಮೇಲಧಿಕಾರಿಗಳ ಲಕ್ಷಣವೇ ಅದು. ಇನ್‌ಸ್ಪೆಕ್ಟರು ಷರ್ಟಿನ ಮೇಲಿನ ಗುಂಡಿ ಹಾಕಿಕೊಂಡರು.

"ನಮಸ್ಕಾರ ಸಾರ್. ಬರ್ತೀರಿ ಅಂತ ಗೊತ್ತಿತ್ತು, ಇವತ್ತೇ ಅಂತ ಗೊತ್ತಿರಲಿಲ್ಲ."

ಎರಡಿಂಚಪ್ಪನವರು ಕತ್ತಿನ ಬದಲು ಇಡೀ ಮೈಯನ್ನು ತಿರುಗಿಸಿದರು. ಕೊರಳಲ್ಲಿ ಪುರಸಭೆಯ ಗುರುತಿನ ಚೀಟಿ ಕಂಡು, ದಂಡ ಹಾಕಲು ಬಂದಿದ್ದಾರೆಂದುಕೊಂಡರು. ಮಾತು ಕಮ್ಮಿ ಆಡಿದಷ್ಟೂ ಒಳ್ಳೆಯದೆಂದು ನಿರ್ಧರಿಸಿದರು.

"ನಾನು ಯಾರಿಗೂ ತೊಂದರೆ ಕೊಡ್ತಾ ಇಲ್ಲ."

"ಛೆ ಛೆ, ತೊಂದರೆ ಏನ್ಬಂತು ಸಾರ್. ನಿಮ್ಮ ಡ್ಯೂಟಿ." ಇನ್‌ಸ್ಪೆಕ್ಟರು ನಕ್ಷೆಯ ಮೇಲೆ ಬಗ್ಗಿದರು. "ಕುತ್ತಿಗೆ ಹದಿನಾಲ್ಕು. ಸರಿ. ಸೊಂಟ ಐವತ್ತಾರು. ಇದೂ ಸರಿ. ತೋಳಿನ ಇಳುಕಲು..." ಅವರಿಗೆ ಒಂದಕ್ಷರವೂ ಅರ್ಥವಾಗಲಿಲ್ಲ. ಅರ್ಥವಾಗದ್ದಕ್ಕೆ ತಲೆದೂಗುವುದರಲ್ಲಿ ಅವರದು ದೀರ್ಘ ಸೇವೆ. "ಇದು ಹೊಸ ಪದ್ಧತಿ ಅಲ್ವಾ ಸಾರ್? ಟ್ರೇನಿಂಗಲ್ಲಿ ಕೇಳಿದ ಹಾಗಿದೆ."

"ಹಳೇದು. ನಮ್ಮಪ್ಪನ ಕಾಲದಿಂದ ಹೀಗೇ."

ವಂಶಪಾರಂಪರ್ಯ ತಜ್ಞರು ಎಂದುಕೊಂಡ ಇನ್‌ಸ್ಪೆಕ್ಟರ ಬೆನ್ನು ಇನ್ನಷ್ಟು ಬಗ್ಗಿತು. ಆಮೇಲೆ ಅವರ ಕಣ್ಣು ಒಂದು ಪದದ ಮೇಲೆ ನಿಂತಿತು. ದನಿ ತಗ್ಗಿತು.

"ಇಲ್ಲಿ ಜೇಬು ಅಂತ ಬರೆದಿದೀರಿ. ನನ್ನ ವಿಷಯ ಯಾರಾದ್ರೂ ಏನಾದ್ರೂ ಹೇಳಿದ್ರಾ ಸಾರ್?"

"ಜೇಬಿನ ವಿಷಯ ಯಾರೂ ಹೇಳಬೇಕಾಗಿಲ್ಲ. ನೀರು ಹೋದ ಮೇಲೆ ಏನೇನು ಉಳಿದಿದೆ ಅಂತ ನಾನೇ ಕೈ ಹಾಕಿ ನೋಡ್ತೀನಿ."

ಇನ್‌ಸ್ಪೆಕ್ಟರು ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡರು. ಮಾತು ಬೇರೆ ಕಡೆ ತಿರುಗಿಸಬೇಕೆಂದು ತೊಟ್ಟಿಯತ್ತ ಕೈ ತೋರಿಸಿ, "ಇದು ನೆಲಕ್ಕಿಂತ ಸ್ವಲ್ಪ ಮೇಲಿದೆ ಅಲ್ವಾ ಸಾರ್?" ಎಂದರು.

ಎರಡಿಂಚಪ್ಪನವರು ಸಿಕ್ಕಿಬಿದ್ದರು. ಆದರೆ ಅವರ ಬಾಯಿ ಸಾಮಾನ್ಯ ಬಾಯಲ್ಲ. ಗುಂಡಿ ಬರಬೇಕಿತ್ತು ಬಂದಿಲ್ಲ, ಅಸ್ತರು ಬರಬೇಕಿತ್ತು ಬಂದಿಲ್ಲ, ಆ ಬಣ್ಣದ ದಾರ ಬರಬೇಕಿತ್ತು ಬಂದಿಲ್ಲ ಎಂದು ಹೊಲಿಗೆಯ ಗಡುವು ಮೀರಿದಾಗಲೆಲ್ಲ ಗಿರಾಕಿಗಳನ್ನು ಸಾಗಹಾಕಿ ಪಳಗಿದ ಬಾಯಿ. ಅದು ಯಜಮಾನರನ್ನು ಕೇಳದೆಯೇ ಕೆಲಸಕ್ಕಿಳಿಯಿತು.

"ತೊಟ್ಟಿ ಮೇಲಿಲ್ಲ. ನೆಲ ಕೆಳಗಿದೆ. ಮಣ್ಣು ಬರಬೇಕಿತ್ತು, ಬಂದಿಲ್ಲ."

"ನಮ್ಮ ಆಫೀಸಿಂದ ಬರಬೇಕಿತ್ತಾ ಸಾರ್?"

ಎರಡಿಂಚಪ್ಪನವರು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಟೇಪನ್ನು ಬೆರಳಿಗೆ ನಿಧಾನವಾಗಿ ಸುತ್ತತೊಡಗಿದರು. ಬೈಗುಳ ಕೇಳಿ ಅಭ್ಯಾಸವಿದ್ದ ಇನ್‌ಸ್ಪೆಕ್ಟರಿಗೆ ಈ ಮೌನ ತಡೆಯಲಾಗಲಿಲ್ಲ.

"ನಾಳೆ ಬೆಳಿಗ್ಗೆ ಬರುತ್ತೆ ಸಾರ್. ಪಕ್ಕದ ಬೀದೀಲಿ ರಸ್ತೆ ಅಗೆದ ಮಣ್ಣು ಗುಡ್ಡದ ಹಾಗೆ ಬಿದ್ದಿದೆ, ಎಲ್ಲಿ ಹಾಕೋದು ಅಂತ ಗೊತ್ತಾಗದೆ ಜನರ ಕೈಲಿ ಬೈಸ್ಕೋತಾ ಇದೀನಿ. ಅದು ನಿಮ್ಮದೇ ಅಂದ್ಕೊಳ್ಳಿ."

ಹೇಳಿದಂತೆ ಬೆಳಿಗ್ಗೆ ಪುರಸಭೆಯ ಟ್ರಾಕ್ಟರ್ ಬಂದು ಗೇಟಿನ ಮುಂದೆ ಮಣ್ಣು ಸುರಿಯಿತು. ಅದರ ಹಿಂದೆ ಇನ್ನೊಂದು. ಸಾಲದೆಂದು ಇನ್ನೊಂದು. ಹೆಂಡತಿ ಬಾಗಿಲಿಗೆ ಬಂದು ನೋಡಿ, "ಇದೇನ್ರೀ ಇದು, ಯಾರು ಕಳಿಸಿದ್ದು?" ಎಂದರು.

"ಆರ್ಡರ್ ಕೊಟ್ಟಿದ್ದೆ," ಎಂದರು ಎರಡಿಂಚಪ್ಪನವರು. ತಮ್ಮ ದನಿ ತಮಗೇ ಗುರುತು ಸಿಗಲಿಲ್ಲ.

ಸರ್ಕಾರಿ ಟ್ರಾಕ್ಟರ್ ಬಾಗಿಲಿಗೆ ಬಂದ ಮನುಷ್ಯನನ್ನು ನೋಡಿ ನಗುವ ಧೈರ್ಯ ಯಾವ ಬೀದಿಗೂ ಇಲ್ಲ. ಹೆಡ್‌ಮೇಷ್ಟ್ರು ಗೋಡೆಯ ಮೇಲಿಂದ ದಾರಿಹೋಕರಿಗೆಲ್ಲ, "ನಾನೇ ಬರೆದಿದ್ದೆ, ಅದಕ್ಕೇ ಬಂತು" ಎಂದು ಹೇಳುತ್ತಿದ್ದರು. ಅದು ಸುಳ್ಳೇನೂ ಆಗಿರಲಿಲ್ಲ. ಹೇಳಿ ಹೇಳಿ ಅವರಿಗೇ ಹುಮ್ಮಸ್ಸು ಬಂದು, ಪ್ಯಾಂಟಿನ ಕಾಲು ಮಡಿಚಿಕೊಂಡು ಮಣ್ಣು ತುಳಿಯಲು ಬಂದರು.

ಈಗ ಎರಡಿಂಚಪ್ಪನವರಿಗೆ ಕಣ್ಣು ತೆರೆದಿತ್ತು. ಹೊಲಿದುಬಿಟ್ಟ ಕೋಟನ್ನು ಗಿಡ್ಡ ಮಾಡಲಾಗದಿದ್ದರೆ ಮೈಯನ್ನು ಅದರ ಅಳತೆಗೆ ಬೆಳೆಸಬೇಕು, ಅಷ್ಟೇ. ತೊಟ್ಟಿಯ ಅಂಚಿಗೆ ಸಮವಾಗಿ ಸುತ್ತಲೂ ಮಣ್ಣು ಏರಿಸಿದರು. ಅಲ್ಲಿಂದ ಮನೆಯ ಕಡೆಗೆ ಇನ್ನೂ ಏರಿಸಿದರು, ಮೆಟ್ಟಿಲು ಅರ್ಧ ಮುಚ್ಚುವ ತನಕ. ಒಳ್ಳೆಯ ಕೋಟಿನಲ್ಲಿ ಕುತ್ತಿಗೆಯಿಂದ ಭುಜಕ್ಕೆ ಒಂದು ಇಳುಕಲು ಇರುತ್ತದೆ. ಕಣ್ಣಿಗೆ ಕಾಣಬಾರದು, ಆದರೆ ಕೈಯಿಟ್ಟರೆ ಜಾರಬೇಕು. ಅದೇ ಇಳುಕಲನ್ನು ಅವರು ಹೊಸ್ತಿಲಿನಿಂದ ಜಾಲರಿಗೆ ಕೊಟ್ಟರು. ಮಂಡಿಯೂರಿ, ಕೆನ್ನೆಯನ್ನು ನೆಲಕ್ಕೆ ತಾಗಿಸಿ, ಒಂದು ಕಣ್ಣು ಮುಚ್ಚಿ ನೋಡಿದರು. ಅಂಗೈಯಿಂದ ಒತ್ತಿದರು, ಸವರಿದರು, ಮತ್ತೆ ಒತ್ತಿದರು.

ಹೆಂಡತಿ ಬಹಳ ಹೊತ್ತು ಬಾಗಿಲಲ್ಲಿ ನಿಂತು ನೋಡಿದರು.

"ರೀ, ಇದು ನಿಜವಾಗ್ಲೂ ಆಗುತ್ತಾ?"

"ಆಗದಿದ್ರೆ ನೀಲಿ ಬಟ್ಟೆ."

ಆಕೆ ಒಳಗೆ ಹೋದರು. ಬಂದಾಗ ಕೈಯಲ್ಲಿ ಕತ್ತರಿಸುವ ಮೇಜಿನ ಉದ್ದನೆಯ ಮರದ ಸ್ಕೇಲಿತ್ತು. ಅದರ ಒಂದು ತುದಿಯನ್ನು ಹೊಸ್ತಿಲ ಬಳಿ ತಾವು ಹಿಡಿದು, "ಆ ತುದಿ ನೀವು ಹಿಡ್ಕೊಳ್ಳಿ. ಅಲ್ಲೊಂದು ಕಡೆ ಗುಳಿ ಇದೆ, ನಿಮಗೆ ಕಾಣ್ತಿಲ್ಲ" ಎಂದರು.

ಭಾನುವಾರ ಆಕಾಶ ಒಗೆದು ಇಸ್ತ್ರಿ ಮಾಡಿದ ಹಾಗಿತ್ತು. ಒಂದು ಮೋಡವಿಲ್ಲ. ಭಾವಮೈದುನ ವ್ಯಾನು ತಂದೇಬಿಟ್ಟ. ಇಬ್ಬರು ಆಳುಗಳು ಒಳಗೆ ನುಗ್ಗಿ, ಯಾರು ಏನೆನ್ನುವ ಮೊದಲೇ ಮಷೀನನ್ನು ಎತ್ತಿ ವ್ಯಾನಿಗೆ ಹತ್ತಿಸಿದರು. ಆಮೇಲೆಯೇ ಅವನ ಕಣ್ಣು ಅಂಗಳದ ಮೇಲೆ ಬಿದ್ದದ್ದು. ಮುಖದ ಮೇಲಿದ್ದ ನಗು ಅಂಚಿನಲ್ಲಿ ಸ್ವಲ್ಪ ಬಿಚ್ಚಿಕೊಂಡಿತು.

"ಏನೋ ಇದು?" ಎಂದರು ಅಕ್ಕ. "ನೀರು ಹೊಸ್ತಿಲು ದಾಟಿದ್ರೆ ಅಂತ ಹೇಳಿದ್ದು ನಾನು. ಇನ್ನೂ ಮಳೆನೇ ಬಂದಿಲ್ಲ, ಆಗಲೇ ಮಷೀನ್ ಎತ್ತಿದೀಯ."

"ಮಳೆ ಬರೋ ತನಕ ಕಾಯೋಕೆ ನನಗೆಲ್ಲಿದೆ ಅಕ್ಕ ಪುರುಸೊತ್ತು? ಮಳೇನ ನಾನೇ ತರಿಸ್ತೀನಿ ಇರು."

ತರಿಸಿಯೇಬಿಟ್ಟ. ಫೋನು ಮಾಡಿದ ಸ್ವಲ್ಪ ಹೊತ್ತಿಗೆ ಅವನ ಕಟ್ಟಡದ ಕೆಲಸಕ್ಕೆ ನೀರು ಹೊಡೆಯುವ ಟ್ಯಾಂಕರು ಬೀದಿಯನ್ನು ಅದುರಿಸುತ್ತಾ ಬಂದು ಗೇಟಿಗೆ ಹಿಂಬದಿ ಕೊಟ್ಟು ನಿಂತಿತು. ಬೀದಿಯ ಜನ ಕುರ್ಚಿ ತಂದರು. ಕೆಲವರು ಕೊಡೆಯನ್ನೂ ತಂದರು. ಟ್ಯಾಂಕರಿನ ಸದ್ದು ಕೇಳಿ ಚರಂಡಿ ಇನ್‌ಸ್ಪೆಕ್ಟರೂ ಕೊಡೆ ಹಿಡಿದು ಓಡಿಬಂದರು. ಮೇಲಿನವರು ಪರೀಕ್ಷೆ ನಡೆಸುತ್ತಿದ್ದಾರೆಂದೇ ಅವರ ಭಾವನೆ.

"ಎಲ್ಲರೂ ಹಿಂದೆ ಸರೀರಿ, ಸಾಹೇಬರಿಗೆ ಜಾಗ ಬಿಡಿ," ಎಂದರು.

"ಯಾವ ಸಾಹೇಬ್ರು?" ಎಂದರು ಕಿಟಕಿಯ ಅಜ್ಜಿ. "ಅವರು ನಮ್ಮ ಟೈಲರ್ ಕಣಪ್ಪಾ. ನನ್ನ ಮೊಮ್ಮಗನ ಪ್ಯಾಂಟು ಇನ್ನೂ ಕೊಟ್ಟಿಲ್ಲ."

ಇನ್‌ಸ್ಪೆಕ್ಟರ ಬಾಯಿ ತೆರೆದುಕೊಂಡಿತು. ಅವರು ಎರಡಿಂಚಪ್ಪನವರನ್ನು ನೋಡಿದರು, ಮಣ್ಣನ್ನು ನೋಡಿದರು, ಪಕ್ಕದ ಬೀದಿಯ ಜನ ಈಗ ತಮ್ಮನ್ನು ಕಂಡರೆ ನಗುನಗುತ್ತಾ ಮಾತಾಡಿಸುವುದನ್ನು ನೆನೆದರು. ಬಾಯಿ ಮುಚ್ಚಿಕೊಂಡಿತು.

"ಅದು ಹಾಗಲ್ಲ ಅಜ್ಜಿ," ಎಂದರು ಗಂಭೀರವಾಗಿ. "ತಜ್ಞರು ಬಂದು ಹೋದ್ರು ಅಂತ ನನ್ನ ರಿಪೋರ್ಟ್ ಮೇಲೆ ಹೋಗಿಬಿಟ್ಟಿದೆ. ಈಗ ಅವರು ತಜ್ಞರೇ. ನಾವ್ಯಾರೂ ಏನೂ ಮಾಡೋಕಾಗಲ್ಲ."

ಭಾವಮೈದುನ ಟ್ಯಾಂಕರಿನ ದಪ್ಪ ಕೊಳವೆಯನ್ನು ತಾನೇ ಕೈಗೆ ತೆಗೆದುಕೊಂಡು, "ಬಿಡು" ಎಂದು ಕೂಗಿದ.

ನೀರು ಬಂದದ್ದು ಮಳೆಯ ಹಾಗಲ್ಲ, ಸೇಡಿನ ಹಾಗೆ. ಕೊಳವೆ ಹಾವಿನಂತೆ ಹೊರಳಿ ಮೊದಲು ಅವನನ್ನೇ ಅಡಿಯಿಂದ ಮುಡಿಯ ತನಕ ತೋಯಿಸಿತು. ಆಮೇಲೆ ಅಂಗಳಕ್ಕೆ ನುಗ್ಗಿತು. ಗೇಟಿನಿಂದ ಜಾಲರಿಗೆ, ಜಾಲರಿಯಿಂದ ತೊಟ್ಟಿಗೆ ಧೋ ಎಂದು ಇಳಿಯಿತು. ಬೀದಿಯ ಚರಂಡಿಯ ಬಳಿ ನಿಂತಿದ್ದ ಹೆಡ್‌ಮೇಷ್ಟ್ರು, "ಬಂತು, ಪೈಪಲ್ಲಿ ಬಂತು" ಎಂದು ಮೂರನೇ ಕ್ಲಾಸಿನ ಮಗುವಿನ ಹಾಗೆ ವರದಿ ಮಾಡಿದರು. ಎರಡಿಂಚಪ್ಪನವರು ಬಿಗಿಹಿಡಿದಿದ್ದ ಉಸಿರು ಬಿಟ್ಟರು.

ಬಿಡಬಾರದಿತ್ತು. ಗೇಟಿನ ಬಳಿಯ ಒಣಗಿದೆಲೆ, ಅಂಗಡಿಯ ಚಿಂದಿ, ಯಾರೋ ಎಸೆದ ಕಾಗದ ಎಲ್ಲವೂ ತೇಲಿಬಂದು ಜಾಲರಿಯ ಮೇಲೆ ಚಾಪೆಯ ಹಾಗೆ ಹಾಸಿಕೊಂಡವು. ಧೋ ಎನ್ನುತ್ತಿದ್ದುದು ಗೊರಗೊರ ಎಂದಿತು, ಆಮೇಲೆ ಅದೂ ನಿಂತಿತು. ನೀರು ಏರತೊಡಗಿತು. ಮೆಟ್ಟಿಲು ಮುಟ್ಟಿತು. ಮೆಟ್ಟಿಲು ಮುಳುಗಿತು. ಹೊಸ್ತಿಲಿಗೆ ಇನ್ನು ಬೆರಳಗಲ.

"ಪೈಪಲ್ಲಿ ನಿಂತೋಯ್ತು," ಎಂದರು ಹೆಡ್‌ಮೇಷ್ಟ್ರು ಬೀದಿಯಿಂದ.

"ಅಕ್ಕಾ, ನೋಡ್ತಾ ಇರು," ಎಂದ ಭಾವಮೈದುನ. ಒದ್ದೆ ಮುಖದಲ್ಲಿ ಹಲ್ಲುಗಳು ಹೊಳೆದವು.

ಎರಡಿಂಚಪ್ಪನವರು ಕುತ್ತಿಗೆ ನೋವು ಮರೆತರು. ಕಾಲಲ್ಲಿದ್ದ ಚಪ್ಪಲಿಯನ್ನೂ ಮರೆತರು. ನೀರಿಗೆ ಹಾರಿ, ಜಾಲರಿಯ ಮುಂದೆ ದೊಪ್ಪನೆ ಮಂಡಿಯೂರಿ, ಎರಡೂ ತೋಳುಗಳನ್ನು ಮೊಣಕೈ ತನಕ ಇಳಿಸಿ, ಆ ಚಾಪೆಯನ್ನು ಒಂದೇ ಬಾಚಿಗೆ ಎತ್ತಿ ಹಿಂದಕ್ಕೆಸೆದರು. ಅದು ಹೋಗಿ ಇನ್‌ಸ್ಪೆಕ್ಟರ ಕೊಡೆಯ ಮೇಲೆ ಬಿತ್ತು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ತೊಟ್ಟಿ ಬಹಳ ಹೊತ್ತು ಬಾಯಾರಿದವನ ಹಾಗೆ ಗಟಗಟನೆ ಕುಡಿಯತೊಡಗಿತು. ಹೊಸ್ತಿಲ ಬುಡದ ನೀರು ತಡವರಿಸಿ, ಹಿಂದೆ ನೋಡಿ, ಭುಜದ ಇಳುಕಲಿನಲ್ಲಿ ಜಾರಿ ಬಂದ ದಾರಿಯಲ್ಲೇ ಹೊರಟಿತು. ಮೆಟ್ಟಿಲು ಕಂಡಿತು. ಮಣ್ಣು ಕಂಡಿತು. ಭಾವಮೈದುನ ಕೊಳವೆಯನ್ನು ಬಾಗಿಲಿಗೇ ಗುರಿಯಿಟ್ಟು ಹಿಡಿಯಲು ನೋಡುವಷ್ಟರಲ್ಲಿ ಟ್ಯಾಂಕರು ಎರಡು ಸಲ ಕೆಮ್ಮಿ ಖಾಲಿಯಾಯಿತು.

ಬೀದಿ ಚಪ್ಪಾಳೆ ತಟ್ಟಿತು. ಹೆಡ್‌ಮೇಷ್ಟ್ರು ತಟ್ಟಿದರು. ಇನ್‌ಸ್ಪೆಕ್ಟರು ಕೊಡೆಯ ಮೇಲಿನ ಚಿಂದಿ ಕೊಡವದೆಯೇ ತಟ್ಟಿದರು. ಕಿಟಕಿಯ ಅಜ್ಜಿ ಕೈಗೆ ಸಿಕ್ಕ ತಟ್ಟೆಯನ್ನು ಬಡಿದು, "ನಮ್ಮ ಹಿತ್ತಲಿಗೂ ಒಂದು ಜೇಬು ಬೇಕಪ್ಪಾ" ಎಂದರು. ಇಬ್ಬರು ಮೂವರು ಆಗಲೇ ತಮ್ಮ ಅಂಗಳದ ಅಳತೆ ಹೇಳತೊಡಗಿದ್ದರು. ಎರಡಿಂಚಪ್ಪನವರು ಕೆಸರಿನಲ್ಲಿ ಮಂಡಿಯೂರಿದ್ದಲ್ಲಿಂದಲೇ, ಪಟ್ಟಾಭಿಷೇಕಕ್ಕೆ ಕೂತವರ ಗತ್ತಿನಲ್ಲಿ, "ಒಬ್ಬೊಬ್ಬರಾಗಿ ಬನ್ನಿ. ಬಾಯಳತೆ ತಗೊಳ್ಳಲ್ಲ, ಬಂದು ನೋಡಬೇಕು" ಎಂದರು.

ಅವರ ಹೆಂಡತಿ ಹೊಸ್ತಿಲ ಒಳಬದಿಗೆ ಬಗ್ಗಿ, ಅಂಗೈಯಿಂದ ನೆಲ ಸವರಿ ನೋಡಿದರು. ಅಂಗೈಗೆ ಧೂಳು ಹತ್ತಿತು. ಒಣ ಧೂಳು. ಆ ಕೈಯನ್ನು ಎತ್ತಿ ತಮ್ಮನಿಗೆ ತೋರಿಸಿದರು.

"ಮಷೀನ್ ಇಳಿಸು."

ಆಳುಗಳು ನಗುತ್ತಾ ಕೂತಿದ್ದರು, ಏಳಲಿಲ್ಲ. ಭಾವಮೈದುನ ತಾನೇ ಮಷೀನನ್ನು ಅಪ್ಪಿ ಹಿಡಿದು, ಏದುಸಿರು ಬಿಡುತ್ತಾ ಅಂಗಳ ದಾಟಿ, ಹೊಸ್ತಿಲು ದಾಟಿ, ಕಿಟಕಿಯ ಬೆಳಕಿಗೆ ತಂದಿಟ್ಟ. ಇಟ್ಟು ಹಿಂದೆ ತಿರುಗಿ ನೋಡಿದವನ ಮುಖದಲ್ಲಿ ಕೊನೆಯ ಒಂದು ಆಸೆ ಮಿಣುಕಿತು. ಬಾಗಿಲಿನಿಂದ ಮಷೀನಿನ ತನಕ ಅವನ ಪ್ಯಾಂಟಿನಿಂದ ಸೋರಿದ ನೀರು ಸಾಲಾಗಿ ಹೊಳೆಯುತ್ತಿತ್ತು.

"ಅಕ್ಕಾ, ಇಲ್ನೋಡು," ಎಂದ. "ನೀರು ಹೊಸ್ತಿಲು ದಾಟ್ತು."

ಅಕ್ಕ ನೋಡಿದರು. ಮೂಲೆಯಲ್ಲಿದ್ದ ನೆಲ ಒರೆಸುವ ಬಟ್ಟೆಯನ್ನು ತೆಗೆದು ಅವನ ಕೈಗಿಟ್ಟರು.

"ಒರೆಸು."

ಅವತ್ತು ಆ ಮನೆಯೊಳಗೆ ಬಂದ ನೀರು ಅಷ್ಟೇ. ಅದನ್ನು ತಂದವನೇ ಮಂಡಿಯೂರಿ, ಬಾಗಿಲಿನಿಂದ ಮಷೀನಿನ ತನಕ, ಒಂದು ಹನಿ ಬಿಡದೆ ಒರೆಸಿದ.